ನರಸೀಪುರಕ್ಕೆ ಒಂದು ಟಿಕೆಟ್ಟು

ನಮ್ಮೂರ ಹಾಲಿನ ಡೈರಿಯ ಜಗಲಿಯ ಮೇಲೆ ಸಂಜೆ ಹೊತ್ತು ನಾನು ಬಸ್ ಕಂಡಕ್ಟರಾಗಿರುತ್ತೇನೆ, ಹೆಡ್‌ಮಾಸ್ಟರಾಗಿರುತ್ತೇನೆ, ಗೊಬ್ಬರದಂಗಡಿಯ ಸಾಹುಕಾರರಾಗಿರುತ್ತೇನೆ. ನಾನು ನಾನಾಗಿರುವುದು ಮಾತ್ರ ಕಡಿಮೆ. ಅದಕ್ಕೆ ಕಾರಣ ವಿನಯವಲ್ಲ, ಗಿರಾಕಿ ಇಲ್ಲದಿರುವುದು. ನನ್ನ ಸ್ವಂತ ದನಿ ನೆಗಡಿಯಾದ ಸೈಕಲ್ ಪಂಪಿನ ಹಾಗಿದೆ ಎಂದು ನರ್ಸಮ್ಮ ತೀರ್ಪು ಕೊಟ್ಟು ವರ್ಷಗಳಾದವು. ಮೇಲ್ಮನವಿ ಸಲ್ಲಿಸುವ ಧೈರ್ಯ ಇನ್ನೂ ಬಂದಿಲ್ಲ.

ನರ್ಸಮ್ಮ ಎಂದರೆ ಊರ ಸರ್ಕಾರಿ ಆರೋಗ್ಯ ಉಪಕೇಂದ್ರದಲ್ಲಿ ದಾದಿಯಾಗಿದ್ದು ನಿವೃತ್ತರಾದವರು. ನನ್ನ ವಯಸ್ಸಿನ ಪ್ರತಿಯೊಬ್ಬನ ತೊಡೆಗೂ ಸೂಜಿ ಚುಚ್ಚಿದ ಕೈ ಅವರದು. ಮೀಸೆ ತಿರುವುವ ಗಂಡಸರೂ ಅವರನ್ನು ಕಂಡರೆ ಒಂದು ಕೈಯಲ್ಲಿ ತೊಡೆ ಮುಚ್ಚಿಕೊಂಡು ಇನ್ನೊಂದು ಕೈಯಲ್ಲಿ ನಮಸ್ಕಾರ ಮಾಡುತ್ತಾರೆ. ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಕೂಡಿಸಿಕೊಂಡು ಓದಿಸುವ ಈ ಸಂಜೆಪಾಠವನ್ನು ಶುರು ಮಾಡಿದವರು ಅವರೇ. ಡೈರಿಯ ಜಗಲಿಯನ್ನೇ ಆರಿಸಿಕೊಂಡದ್ದರ ಹಿಂದೆ ಅವರದೊಂದು ಉಪಾಯವಿತ್ತು. ಪಾಠಕ್ಕೆ ಬನ್ನಿ ಎಂದರೆ ಯಾವ ಮಗುವೂ ಬರುವುದಿಲ್ಲ, ಆದರೆ ಸಂಜೆಯ ಹಾಲಿನ ಕ್ಯಾನು ಕೈಗೆ ಕೊಟ್ಟು ಮನೆಯವರೇ ಮಕ್ಕಳನ್ನು ಡೈರಿಗೆ ಅಟ್ಟುತ್ತಾರೆ. ಹಾಲು ಅಳೆಸಿದ ಮೇಲೆ ಖಾಲಿ ಕ್ಯಾನು ಪಕ್ಕಕ್ಕಿಟ್ಟು ಕೂತರೆ ಮುಗಿಯಿತು, ಅದೇ ಶಾಲೆ. ಹಸುಗಳಿಗೆ ಬೇಸಿಗೆ ರಜೆ ಇಲ್ಲವಾದ್ದರಿಂದ ನಮಗೂ ಇಲ್ಲ.

ಅಲ್ಲಿ ಕೂತ ಮೊದಲ ತಂಡದ ಮಕ್ಕಳಲ್ಲಿ ನಾನೂ ಒಬ್ಬ. ಒಂದು ಸಂಜೆ ನರ್ಸಮ್ಮ ಒಳಗೆ ಹೋಗಿದ್ದಾರೆ ಎಂದುಕೊಂಡು ಅವರು ನಡೆಯುವ ರೀತಿ, ಸೂಜಿಗೆ ಮದ್ದು ಎಳೆಯುವ ರೀತಿ, 'ಉಸ್ರು ಬಿಡು, ಬಿಡು ಅಂದ್ನಲ್ಲಾ' ಎನ್ನುವ ರೀತಿ ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ಮಕ್ಕಳು ನಗುವುದನ್ನು ನಿಲ್ಲಿಸಿದಾಗ ಗೊತ್ತಾಯಿತು, ಅವರು ಬೆನ್ನ ಹಿಂದೆಯೇ ನಿಂತಿದ್ದರು. ಕಿವಿ ಹೋಯಿತು ಎಂದುಕೊಂಡೆ. ಅವರು, 'ಕನ್ನಡಕ ಮರ್ತಿದ್ದೀಯ. ನಾನು ಕನ್ನಡಕದ ಮೇಲಿಂದ ನೋಡ್ತೀನಿ, ಒಳಗಿಂದಲ್ಲ. ಇನ್ನೊಂದ್ಸಲ ಮಾಡು' ಎಂದರು. ಮನೆಯಲ್ಲಿ ಇದೇ ವಿದ್ಯೆಗೆ ಪೊರಕೆಯೇಟು, ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ. ನಾನು ಮಾಡುವುದನ್ನು ಒಬ್ಬ ದೊಡ್ಡವರು ಪೂರ್ತಿ ನೋಡಿ ತಪ್ಪು ತಿದ್ದಿದ್ದು ಅದೇ ಮೊದಲು.

ಈಗ ನಾನು ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಯಲ್ಲಿದ್ದೇನೆ. ಡಬ್ಬಗಳ ಮೇಲೆ ಮುಚ್ಚಳ ಸರಿಯಾಗಿ ಬೀಳುತ್ತಿದೆಯೋ ಇಲ್ಲವೋ ನೋಡುವುದು ನನ್ನ ಕೆಲಸ. ಮುಚ್ಚಳಗಳು ಸರಿಯಾಗಿಯೇ ಬೀಳುತ್ತವೆ. ನನ್ನ ಬಾಯಿಗೆ ಮಾತ್ರ ಅಂಥದ್ದೊಂದು ಸಿಕ್ಕಿಲ್ಲ. ಮೊದಲ ಶಿಫ್ಟು ಮುಗಿಸಿ ಊರಿಗೆ ಬಂದು ಅರಳಿಕಟ್ಟೆಯ ಮೇಲೆ ಕೂತು ಹೋಗಿ ಬರುವವರನ್ನೆಲ್ಲ ಅಣಕಿಸುತ್ತಿದ್ದ ಕಾಲದಲ್ಲಿ ಒಂದು ದಿನ ನರ್ಸಮ್ಮ ಎದುರು ನಿಂತರು.

'ಏನ್ಲಾ, ಇಲ್ಲಿ ಯಾರು ದುಡ್ಡು ಕೊಡ್ತಾರೆ ನಿಂಗೆ?'

'ಯಾರೂ ಇಲ್ಲಮ್ಮ.'

'ಡೈರಿ ಜಗಲಿ ಮೇಲೂ ಯಾರೂ ಕೊಡಲ್ಲ. ಅಲ್ಲಿಗೇ ಬಂದು ಇದ್ನೇ ಮಾಡು.'

ಹೀಗೆ ನಾನು ಮೇಷ್ಟ್ರಾದೆ.

ನಮ್ಮ ಜಗಲಿಯಲ್ಲಿ ಪಾಠ ಓದುವುದಕ್ಕೆ ಒಂದು ಪದ್ಧತಿ ಇದೆ. ಯಾವ ಮಗುವೂ ಪುಸ್ತಕವನ್ನು ಸುಮ್ಮನೆ ಓದುವ ಹಾಗಿಲ್ಲ, ಯಾರದಾದರೂ ದನಿಯಲ್ಲಿ ಓದಬೇಕು. ಸಸ್ಯಗಳು ಆಹಾರ ತಯಾರಿಸುವ ಪಾಠಕ್ಕೆ ಡೈರಿ ಸೆಕ್ರೆಟರಿಯ ದನಿ: 'ಏನ್ರೀ ಇದು, ಬಿಸ್ಲು ಕಮ್ಮಿ ಅದೆ, ನೀರು ಜಾಸ್ತಿ ಬೆರ್ಸಿದ್ದೀರಾ?' ನದಿಗಳ ಪಾಠಕ್ಕೆ ನರಸೀಪುರದ ಬಸ್ಸಿನ ಕಂಡಕ್ಟರ ದನಿ: 'ಕಬಿನೀ ಕಬಿನೀ ಕಬಿನೀ, ಕಾವೇರಿ ಸೇರೋರೆಲ್ಲಾ ತಿರುಮಕೂಡ್ಲಲ್ಲಿ ಇಳ್ಕಳೀ!' ಹಾಗೆ ಓದಿದ ನದಿಯನ್ನು ಯಾವ ಮಗುವೂ ಪರೀಕ್ಷೆಯಲ್ಲಿ ಬೇರೆ ಸಮುದ್ರಕ್ಕೆ ಸೇರಿಸಿಲ್ಲ. ಪಾಠ ಮುಗಿದ ಮೇಲೆ ನಾನು ಮಕ್ಕಳನ್ನೇ ಒಬ್ಬೊಬ್ಬರನ್ನಾಗಿ ಅಣಕಿಸುತ್ತೇನೆ. ಅದು ನಮ್ಮಲ್ಲಿ ಬಹುಮಾನವಿದ್ದ ಹಾಗೆ. 'ಅಣ್ಣ, ಇವತ್ತು ನಂದು' ಎಂದು ಜಗಳವೇ ಆಗುತ್ತದೆ.

ಆ ಜಗಳಕ್ಕೆ ಬಾರದವಳು ಒಬ್ಬಳಿದ್ದಳು. ಏಳನೇ ತರಗತಿಯ ಹುಡುಗಿ. ಅಪ್ಪ ಅಮ್ಮ ಇಬ್ಬರೂ ಬೆಳಗಾಗುವ ಹೊತ್ತಿಗೆ ಫ್ಯಾಕ್ಟರಿ ವ್ಯಾನು ಹತ್ತುವವರಾದ್ದರಿಂದ ಮನೆಯಲ್ಲಿ ಅಜ್ಜಿ, ಅವಳು, ಎರಡು ಹಸು. ಲೆಕ್ಕದಲ್ಲಿ ಚುರುಕು, ಬೇರೆ ಮಕ್ಕಳು ಪ್ರಶ್ನೆ ಓದಿ ಮುಗಿಸುವ ಮೊದಲೇ ಉತ್ತರ ಬರೆದು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಕೂರುತ್ತಿದ್ದಳು. ಆದರೆ ಮಾತು ತಡೆಯುತ್ತಿತ್ತು. ಎಲ್ಲ ಅಕ್ಷರಕ್ಕೂ ಅಲ್ಲ, ಕೆಲವಕ್ಕೆ. 'ನ'ಕಾರಕ್ಕೆ ಹೆಚ್ಚು. ದುರದೃಷ್ಟ ನೋಡಿ, ಈ ಕಡೆ ಹೋದರೆ ನಂಜನಗೂಡು, ಆ ಕಡೆ ಹೋದರೆ ನರಸೀಪುರ, ಎದುರು ಕೂತವರು ನರ್ಸಮ್ಮ. ತಪ್ಪಿಸಿಕೊಂಡು ಹೋಗಲು ದಾರಿಯೇ ಇರಲಿಲ್ಲ. ಅವಳನ್ನು ಮಾತ್ರ ನಾನು ಎಂದೂ ಅಣಕಿಸಿರಲಿಲ್ಲ. ಅದನ್ನು ನನ್ನ ದೊಡ್ಡತನ ಎಂದುಕೊಂಡಿದ್ದೆ.

ನಮ್ಮೂರ ಶಾಲೆ ಏಳನೇ ತರಗತಿಗೆ ಮುಗಿಯುತ್ತದೆ. ಮುಂದೆ ಹೈಸ್ಕೂಲಿಗೆ ನರಸೀಪುರಕ್ಕೆ ಹೋಗಬೇಕು. ಅವಳ ಜೊತೆಯ ಹುಡುಗಿಯರು ಹಾಸ್ಟೆಲು ಸೇರುವವರಿದ್ದರು. ಇವಳಿಗೆ ಸಂಜೆ ಹಸುವಿನ ಹತ್ತಿರ ಇರಲೇಬೇಕಾದ್ದರಿಂದ ದಿನಾ ಬಸ್ಸು. ಏಪ್ರಿಲ್‌ನಲ್ಲಿ ಒಂದು ಸಂಜೆ ಅಜ್ಜಿಯೇ ಡೈರಿಗೆ ಬಂದು ಜಗಲಿಯ ಕಂಬ ಹಿಡಿದು ಹೇಳಿತು:

'ನೋಡಿ ನರ್ಸಮ್ಮ, ಐಸ್ಕೂಲಿಗೆ ಓಗಾಕಿಲ್ವಂತೆ ಇವ್ಳು. ಓದೋದು ಸಾಕಂತೆ. ಅಸ ಮೇಯ್ಸ್ಕೊಂಡು ಇರ್ತಾಳಂತೆ.'

'ಯಾಕೆ?'

'ಯಾಕೇಂತ ಯೋಳಾಕಿಲ್ಲ.'

ನರ್ಸಮ್ಮ ಅವಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಏನನ್ನೂ ಕೇಳದೆ ಕಡಲೆಕಾಯಿ ಬಿಡಿಸತೊಡಗಿದರು. ಅವಳೂ ಬಿಡಿಸಿದಳು. ಬುಟ್ಟಿ ಅರ್ಧವಾಗುವ ಹೊತ್ತಿಗೆ ಕಾರಣ ಹೊರಬಂತು. ಕಾರಣ ಕಂಡಕ್ಟರು.

ಹೆಂಗಸರಿಗೆ ಬಸ್ಸು ಪುಕ್ಕಟೆ, ನಿಜ. ಆದರೂ ಆಧಾರ್ ಕಾರ್ಡು ತೋರಿಸಿ ಇಳಿಯುವ ಊರು ಹೇಳಿದರೇನೇ ಆ ಸೊನ್ನೆ ರೂಪಾಯಿಯ ಟಿಕೆಟ್ಟು. ಹಿಂದೊಮ್ಮೆ ಅಜ್ಜಿಯ ಜೊತೆ ಮಧ್ಯಾಹ್ನದ ಬಸ್ಸಿನಲ್ಲಿ ಹೋದಾಗ ಬೇರೊಬ್ಬ ಕಂಡಕ್ಟರು ಇವಳನ್ನು ಕೇಳಿದ್ದರು. ಬಾಯಿ ನಿಂತುಬಿಟ್ಟಿತು. ಬಸ್ಸಿನ ತಲೆಗಳೆಲ್ಲ ತಿರುಗಿದವು. ಹಿಂದಿನ ಸೀಟಿನ ಯಾರೋ ಊರ ಹೆಸರು ಹೇಳಿ, 'ಪಾಪ' ಎಂದರಂತೆ. ಇನ್ನು ಮೂರು ವರ್ಷ ದಿನಕ್ಕೆ ಎರಡು ಸಲ ಅದೇ ಆಗುವುದಾದರೆ ಹಸುಗಳೇ ವಾಸಿ ಎಂಬುದು ಅವಳ ತೀರ್ಮಾನ. 

'ಚೀಟೀಲಿ ಬರ್ಕೊಂಡೋಗಿ ತೋರ್ಸು ಮಗಾ' ಎಂದಿತು ಅಜ್ಜಿ.

ಅವಳ ಮುಖ ಕೆಂಪಾಯಿತು. 'ಯಾಕೆ, ನ್... ನಾನೇನ್ ಮೂಗೀನಾ?'

ಆಗ ನನ್ನ ತಲೆಗೆ ಬುದ್ಧಿ ಹೊಳೆಯಿತು. ನನ್ನ ತಲೆಗೆ ಬುದ್ಧಿ ಹೊಳೆದಾಗಲೆಲ್ಲ ನರ್ಸಮ್ಮ ಕಣ್ಣು ಮುಚ್ಚಿಕೊಳ್ಳುತ್ತಾರೆ. ನದಿಗಳ ಪಾಠವನ್ನು ಕಂಡಕ್ಟರ ದನಿಯಲ್ಲಿ ಓದುವಾಗ ಈ ಹುಡುಗಿ ಒಂದು ಕಡೆಯೂ ನಿಲ್ಲುತ್ತಿರಲಿಲ್ಲ! ಬೇರೆಯವರ ದನಿ ಹಾಕಿಕೊಂಡರೆ ಮಾತು ನಾಲೆಯ ನೀರಿನ ಹಾಗೆ ಹರಿಯುತ್ತಿತ್ತು. ಅಂದ ಮೇಲೆ ಬಸ್ಸಿನಲ್ಲೂ ಅದೇ ದನಿ ಹಾಕಿಕೊಂಡು ಊರು ಹೇಳಿಬಿಟ್ಟರಾಯಿತು. ಇಷ್ಟು ಸುಲಭದ ಮದ್ದು ಯಾವ ಡಾಕ್ಟರಿಗೂ ಹೊಳೆದಿಲ್ಲವಲ್ಲ ಎಂದು ನನಗೆ ಡಾಕ್ಟರುಗಳ ಬಗ್ಗೆ ಮರುಕ ಹುಟ್ಟಿತು.

ಒಂದು ವಾರ ತಾಲೀಮು ನಡೆಸಿದೆ. ಆ ಕಂಡಕ್ಟರದು ಮೂಗಿನಿಂದ ಹೊರಡುವ ದನಿ, ಕೊನೆಯ ಸ್ವರವನ್ನು ರಬ್ಬರಿನ ಹಾಗೆ ಎಳೆಯುವುದು ಅವರ ವಿಶೇಷ. 'ನರ್ಸೀಪುರಾ ನರ್ಸೀಪುರಾ, ಒಳಿಕ್ಕೋಗಿ ಒಳಿಕ್ಕೋಗಿ, ಇಂದೆ ಜಾಗ ಅದೇ!' ಹಿಂದೆ ಇರುವೆ ನಿಲ್ಲಲು ಜಾಗ ಇರುವುದಿಲ್ಲ, ಅದು ಬೇರೆ ಮಾತು. ಹುಡುಗಿ ಎರಡೇ ದಿನದಲ್ಲಿ ಕಲಿತಳು. ನನಗಿಂತ ಚೆನ್ನಾಗಿಯೇ ಕಲಿತಳು. ನರ್ಸಮ್ಮ ಮಾತ್ರ ಕನ್ನಡಕದ ಮೇಲಿಂದ ನೋಡಿ, 'ಅಂಗಾದ್ರೆ ಇನ್ಮೇಲೆ ಜೀವಮಾನವೆಲ್ಲ ಕಂಡಕ್ಟರಾಗೇ ಇರ್ಬೇಕಾ?' ಎಂದು ಗೊಣಗಿದರು. ಅನುಭವಸ್ಥರು ಹೀಗೆಯೇ, ಹೊಸ ಸಂಶೋಧನೆಗೆ ಅಡ್ಡಗಾಲು ಎಂದುಕೊಂಡೆ.

ಪರೀಕ್ಷಿಸಿ ನೋಡಲೆಂದು ನನ್ನ ರಜೆಯ ಒಂದು ಬೆಳಿಗ್ಗೆ ಇಬ್ಬರೂ ನರಸೀಪುರದ ಬಸ್ಸು ಹತ್ತಿದೆವು. ಅವಳು ಮುಂದೆ ಹೆಂಗಸರ ಸೀಟಿನ ಪಕ್ಕ ನಿಂತಳು, ನಾನು ಹಿಂದೆ. ಆ ದಾರಿಯಲ್ಲಿ ಬೆಳಗಿನ ಬಸ್ಸಿಗೆ ಇರುವುದು ಒಬ್ಬರೇ ಕಂಡಕ್ಟರು. ಅಂದರೆ ನಾವು ಯಾರ ದನಿಯನ್ನು ಹೊತ್ತು ಬಂದಿದ್ದೆವೋ ಅವರೇ. ಇಷ್ಟು ದಿನ ಈ ವಿಷಯ ಯೋಚಿಸಲೇ ಇಲ್ಲವಲ್ಲ ಎಂದು ನನಗೆ ಹೊಳೆದದ್ದು ಅವರು ಅವಳ ಎದುರು ನಿಂತು 'ಎಲ್ಲಿಗವ್ವಾ?' ಎಂದಾಗ.

ಹುಡುಗಿ ಎದೆ ಸೆಟೆಸಿ, ಮೂಗಿನಿಂದ, ಬಸ್ಸಿಗೆಲ್ಲ ಕೇಳುವ ಹಾಗೆ ಹೇಳಿದಳು:

'ನರ್ಸೀಪುರಾ ನರ್ಸೀಪುರಾ, ಒಳಿಕ್ಕೋಗಿ ಒಳಿಕ್ಕೋಗಿ, ಇಂದೆ ಜಾಗ ಅದೇ!'

ಊರ ಹೆಸರೊಂದನ್ನೇ ಹೇಳಿ ನಿಲ್ಲಿಸು ಎಂದು ನಾನು ಹೇಳಿಕೊಟ್ಟಿರಲೇ ಇಲ್ಲ. ಇಡೀ ಸಾಲನ್ನು ಒಂದೇ ಉಸಿರಿನಲ್ಲಿ ಕಲಿಸಿದ್ದೆ. ತಲೆ ಹೊರಟರೆ ಬಾಲವೂ ಬರುವ ಹಾಗೆ ಅದು ಬಂದೇ ಬಂತು. ಬಸ್ಸು ಗೊಳ್ಳೆಂದು ನಕ್ಕಿತು. ಡ್ರೈವರು ಕನ್ನಡಿಯಲ್ಲಿ ನೋಡಿ ನಕ್ಕ. 

ಕಂಡಕ್ಟರ ಕಿವಿಗಳು ಕೆಂಪಾದವು. 'ಯಾರ್ ಮಗಳವ್ವಾ ನೀನು? ದೊಡ್ಡೋರು ಚಿಕ್ಕೋರು ಇಲ್ವಾ? ನನ್ನೇ ಅಣಕಿಸ್ತೀಯಾ?'

ಅವಳು ಏನೋ ಹೇಳಲು ಹೋದಳು. ಈ ಸಲ ಸ್ವಂತ ದನಿ. ಮಾತು ನಿಂತಿತು. ಅದನ್ನೂ ಅಣಕವೆಂದೇ ತಿಳಿದ ಅವರು ಇನ್ನಷ್ಟು ರೇಗಿದರು. ಅಷ್ಟರಲ್ಲಿ ಊರಿನವರೊಬ್ಬರು ಹಿಂದಕ್ಕೆ ಬೆರಳು ತೋರಿಸಿದರು: 'ಅಗಳಾ, ಅವ್ನೇ ಕಣ್ರೀ ಇದ್ನೆಲ್ಲಾ ಯೋಳ್ಕೊಡೋ ಮೇಷ್ಟ್ರು.'

'ಏನ್ಲಾ, ನಿನ್ ಶಿಷ್ಯೆನಾ ಇವ್ಳು?'

ತಪ್ಪಾಯಿತು ಎಂದು ಹೇಳಬೇಕೆಂದು ಬಾಯಿ ತೆರೆದೆ. ಹೆದರಿಕೆಯಾದಾಗ ನನ್ನ ಗಂಟಲು ಹತ್ತಿರದಲ್ಲಿ ಸಿಕ್ಕ ದನಿಯನ್ನು ಎತ್ತಿಕೊಳ್ಳುತ್ತದೆ. 'ಊಂ ಸಾ, ತೆಪ್ಪಾಯ್ತೂ' ಎಂಬ ಮಾತು ಮೂಗಿನಿಂದ, ಎಳೆದುಕೊಂಡು, ಸಾಕ್ಷಾತ್ ಅವರದೇ ದನಿಯಲ್ಲಿ ಹೊರಬಂತು. ಬಸ್ಸು ಎರಡನೇ ಸಲ ನಕ್ಕಿತು. 

ಹುಡುಗಿ ಮುಂದಿನ ಸ್ಟಾಪಿನಲ್ಲಿ ಇಳಿದುಬಿಟ್ಟಳು. ನಾನೂ ಇಳಿದೆ. ನಾಲೆ ಏರಿಯ ಮೇಲೆ ಊರಿಗೆ ವಾಪಸು ನಡೆಯುವಾಗ ಅವಳು ಮುಂದೆ, ನಾನು ಹಿಂದೆ. ನಗಿಸಬಲ್ಲ ದನಿಗಳೆಲ್ಲ ನನ್ನಲ್ಲಿದ್ದವು, ಒಂದನ್ನೂ ತೆಗೆಯಲಾಗಲಿಲ್ಲ. ಅವಳು ಒಮ್ಮೆಯೂ ತಿರುಗಿ ನೋಡಲಿಲ್ಲ.

ಮರುದಿನದಿಂದ ಡೈರಿಗೆ ಹಾಲು ತಂದದ್ದು ಅಜ್ಜಿ. ಕ್ಯಾನನ್ನು ದಡಕ್ಕನೆ ಇಟ್ಟು ನನಗೆ ಕೇಳುವ ಹಾಗೆ ಸೆಕ್ರೆಟರಿಗೆ ಹೇಳಿತು: 'ಓದ್ಸೋಕೆ ಬಂದೋರು ಓದ್ಸ್‌ಬೇಕು ಬುದ್ಧಿ. ಕೋತಿ ಕುಣ್ಸಕ್ಕೆ ನಮ್ಮನೆ ಮಗಾನೇ ಬೇಕಿತ್ತಾ? ಸೇರ್ಸೋ ದಿನ ಅತ್ರ ಬಂತು. ಈಗ ಬಸ್ಸಿನ ಸುದ್ದಿ ಎತ್ತಿದ್ರೆ ಕ್ವಾಣೆ ಸೇರ್ಕತಾಳೆ.'

ನರ್ಸಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಅವರನ್ನು ಅಣಕಿಸಿಯಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಟೀ ಕೊಟ್ಟು, ಸೂಜಿ ಚುಚ್ಚುತ್ತಿದ್ದ ಕಾಲದ ಮಾತೆತ್ತಿದರು.

'ನೋವಾಗಲ್ಲ ಅಂತ ನಾನು ಯಾವ ಮಗೀಗೂ ಯೋಳಿಲ್ಲ ಕಣ್ಲಾ. ನಿಂಗೆ ಯೋಳಿದ್ನಾ?'

'ಇಲ್ಲ. ನೋವಾಯ್ತದೆ, ಬೇಗ ಮುಗೀತದೆ ಅಂದಿದ್ರಿ.'

'ಅದಕ್ಕೇ ಎರಡ್ನೇ ಸೂಜಿಗೂ ನೀವೆಲ್ಲಾ ಬಂದ್ರಿ. ನೀನು ನೋವೇ ಆಗ್ದಂಗೆ ಮಾಡಕ್ಕೋದೆ.'

ಅಂದೇ ಅವರು ಹುಡುಗಿಯ ಮನೆಗೆ ಹೋಗಿಬಂದರು. ಹೈಸ್ಕೂಲಿನ ಮಾತನ್ನು ಆಡಲಿಲ್ಲವಂತೆ. 'ಅಜ್ಜಿ ಮಂಡಿ ಊದ್ಕಂಡದೆ. ಹಾಲು ಹೊರೋದು ನಿನ್ನ ಕೆಲ್ಸ' ಎಂದಷ್ಟೇ ಹೇಳಿ ಎದ್ದುಬಂದರಂತೆ.

ಮರುದಿನ ಸಂಜೆ ಅವಳು ಬಂದಳು. ಹಾಲು ಅಳೆಸಿ, ಜಗಲಿಯ ತುದಿಯಲ್ಲಿ ಕ್ಯಾನಿನ ಮೇಲೆ ಕೂತಳು. ನಾನು ಅವಳ ಕಡೆ ನೋಡದೆ ಐದನೇ ತರಗತಿಯ ಹುಡುಗನೊಬ್ಬನನ್ನು ಅಣಕಿಸುತ್ತಿದ್ದೆ. ಅವನು ಮಗ್ಗಿ ಮರೆತಾಗ ಸೂರು ನೋಡಿ ದೇವರನ್ನು ಹುಡುಕುವ ಭಂಗಿ. ಮಕ್ಕಳು ಬಿದ್ದು ಬಿದ್ದು ನಗುತ್ತಿರುವಾಗ ಅವಳು ಎದ್ದು ಬಂದು ಎದುರು ನಿಂತಳು.

'ಅಣ್ಣ, ಎಲ್ಲಾರ್ನೂ ಅಣಕಿಸ್ತೀಯ. ನನ್ನ ಯಾಕೆ ಅಣಕಿಸಲ್ಲ?'

ಅಷ್ಟು ಹೇಳುವುದಕ್ಕೆ ಅವಳಿಗೆ ಸಾಕಷ್ಟು ಹೊತ್ತು ಹಿಡಿಯಿತು. ನರ್ಸಮ್ಮನ ಕಡೆ ನೋಡಿದೆ. ಅವರು ಸೆರಗಿನಿಂದ ಕನ್ನಡಕ ಒರೆಸುವುದರಲ್ಲಿ ಮಗ್ನರಾಗಿದ್ದರು. ಆ ಗಾಜು ಅಷ್ಟು ಕೊಳೆಯಾಗಿರಲಿಲ್ಲ.

ಸರಿ, ಎಂದು ಶುರು ಮಾಡಿದೆ. ಹಾಲಿನ ಸಾಲಿನಲ್ಲಿ ನಡುವೆ ನುಗ್ಗಿದವರನ್ನು ಅವಳು ಗದ್ದ ತಗ್ಗಿಸಿ ಹುಬ್ಬು ಮೇಲೆತ್ತಿ ದಿಟ್ಟಿಸುವ ರೀತಿ. ಲೆಕ್ಕ ಮುಗಿಸಿ ಪಕ್ಕದವರ ಪುಸ್ತಕವನ್ನು ನೋಡಿ ನಿಟ್ಟುಸಿರಿಡುವ ರೀತಿ. ಮಕ್ಕಳು ನಕ್ಕರು. ಅವಳು ನಗಲಿಲ್ಲ.

'ಅರ್ಧ ಆಯ್ತು. ಮಾತು?'

ಕೊನೆಗೆ, ಕತ್ತು ಸ್ವಲ್ಪ ಅಲ್ಲಾಡಿಸಿ, 'ನ ನ ನ ನ' ಎಂದು ಅವಳು ತಡೆಯುವ ಹಾಗೆ ಮಾಡಿದೆ. ಒಳಗೆ ಹಾಲು ಅಳೆಯುತ್ತಿದ್ದ ಸೆಕ್ರೆಟರಿಯೂ ಕೈ ನಿಲ್ಲಿಸಿದರು.

'ತಪ್ಪು' ಎಂದಳು ಅವಳು.

'ಏನು ತಪ್ಪು?'

'ಎಲ್ಲಾ ತಪ್ಪು. ನಾನು ಕತ್ತು ಅಳ್ಳಾಡ್ಸಲ್ಲ. ಕಣ್ಣ ಮುಚ್ಕೋತೀನಿ. ನೀನು ನಾಕು ಸಲ ಅಂತೀಯ. ನಂದು ಅಂಗೆ ಚೂರ್ ಚೂರ್ ಆಗಲ್ಲ. ಒಂದೇ ಕಡೆ ನಿಂತ್ಕತದೆ. ನ್...' ಎಂದು ಮಾಡಿಯೇ ತೋರಿಸಿದಳು. 'ನಾಲೆ ತೂಬು ಮುಚ್ದಂಗೆ. ಆಮೇಲೆ ಒಂದೇ ಸಲ ಬತ್ತದೆ.'

ಕಿವಿಯೇ ನನ್ನ ಬಂಡವಾಳ ಎಂದು ಊರೆಲ್ಲ ಜಂಬ ಕೊಚ್ಚಿಕೊಂಡವನು ನಾನು. ವರ್ಷವಿಡೀ ಎದುರು ಕೂತವಳ ಮಾತನ್ನು ಸರಿಯಾಗಿ ಕೇಳಿಸಿಕೊಂಡೇ ಇರಲಿಲ್ಲ. ಕೇಳಬಾರದು ಎಂದು ಮರ್ಯಾದೆಯಿಂದ ಮುಖ ತಿರುಗಿಸಿಕೊಂಡಿದ್ದೆನಲ್ಲ! ಮತ್ತೆ ಮಾಡಿದೆ. 'ಕಣ್ಣು ಅಷ್ಟು ಬಿಗಿಯಾಗಲ್ಲ.' ಮತ್ತೆ ಮಾಡಿದೆ. 'ಭುಜ ಯಾಕೆ ಎತ್ತೀಯ?' ಇನ್ನೊಮ್ಮೆ ಮಾಡುವ ಹೊತ್ತಿಗೆ ಅವಳಿಗೇ ನಗು ಬಂತು. ಅವಳು ನಕ್ಕ ಮೇಲೆ ಮಿಕ್ಕವರು ನಕ್ಕರು. ಆಮೇಲೆ ಮಕ್ಕಳೆಲ್ಲ ಒಬ್ಬರಾದ ಮೇಲೊಬ್ಬರು ಎದ್ದು, 'ಅಕ್ಕ, ನಂದು ನೋಡು, ನಂದು ನೋಡು' ಎಂದರು. ಅವಳು ಎಲ್ಲರನ್ನೂ ತಿದ್ದಿದಳು. ಮಗ್ಗಿಯ ಹುಡುಗನಿಗೆ, 'ನಿಂಗೆ ಬರಲ್ಲ, ಬುಡು' ಎಂದು ಕೂಡಿಸಿದಳು.

ನಗುವೆಲ್ಲ ಇಳಿದ ಮೇಲೆ ಅವಳು ಹೇಳಿದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ. 'ನಿಂತ್ಕಂಡ್ರೆ ನಂಗೇನೂ ಆಗಲ್ಲ ಅಣ್ಣ. ಅದು ಬತ್ತದೆ ಅಂತ ನಂಗೊತ್ತು. ಅಷ್ಟ್ರಲ್ಲಿ ಯಾರಾದ್ರೂ ನನ್ ಮಾತ ಅವ್ರೇ ಯೋಳ್ಬುಡ್ತಾರಲ್ಲ, ಆಗ ಉರೀತದೆ.'

'ಯಾರು ಅಂಗೆ ಯೋಳೋರು?' ಎಂದರು ನರ್ಸಮ್ಮ, ಗಂಭೀರವಾಗಿ.

'ನೀವೇ ಜಾಸ್ತಿ.'

ನರ್ಸಮ್ಮನ ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು. ಆ ಮುಖವನ್ನು ಈಗಲೂ ನಾನು ಬೇಡಿಕೆಯ ಮೇರೆಗೆ ಮಾಡಿ ತೋರಿಸುತ್ತೇನೆ.

ಮಾರನೆಯ ದಿನದಿಂದ ತಾಲೀಮು ಬದಲಾಯಿತು. ಜಗಲಿಯ ಬೆಂಚೇ ಬಸ್ಸು, ಹಾಲಿನ ಕ್ಯಾನುಗಳು ಸೀಟು. ತಾಲೀಮು ಅವಳಿಗಲ್ಲ, ಮಿಕ್ಕವರಿಗೆ. ಅವಳು ಊರು ಹೇಳುತ್ತಾಳೆ; ಮಾತು ನಿಂತರೆ ಬಸ್ಸಿನಲ್ಲಿರುವ ಯಾರೂ ಅದನ್ನು ಎತ್ತಿಕೊಡುವ ಹಾಗಿಲ್ಲ. ಎತ್ತಿಕೊಟ್ಟವರು ಬಸ್ಸಿನಿಂದ ಇಳಿದು ಡೈರಿಯನ್ನು ಒಂದು ಸುತ್ತು ಓಡಬೇಕು. ಮೊದಲ ಸಂಜೆ ಡೈರಿಯ ಸುತ್ತ ದೂಳೋ ದೂಳು. ಹೆಚ್ಚು ಓಡಿದವನು ನಾನು, ಎರಡನೆಯ ಸ್ಥಾನ ನರ್ಸಮ್ಮನಿಗೆ. ಅವರ ವಯಸ್ಸು ನೋಡಿ ನಡೆದರೆ ಸಾಕು ಎಂದು ರಿಯಾಯಿತಿ ಕೊಟ್ಟೆವು. ಕಾಯುವುದು ಇಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ನಮ್ಮ 'ಪಾಪ' ಇದೆಯಲ್ಲ, ಅದು ಬಹಳ ಅವಸರದ ಪ್ರಾಣಿ.

ಅವಸರದ ಪ್ರಯಾಣಿಕರೆಲ್ಲ ನಾನೇ ಆದೆ. ಬಾಳೆಗೊನೆ ಇಟ್ಟುಕೊಂಡು ರೇಗುವ ಮುದುಕ, ಫೋನಿನಲ್ಲಿ ಕಿರುಚುವ ಹೆಂಗಸು, 'ಬೇಗ ಯೋಳಮ್ಮೋ' ಎನ್ನುವ ಪಡ್ಡೆ ಹುಡುಗ. ಯಾರಾದರೂ ಅವಸರಪಡಿಸಿದರೆ 'ತಡೀರಿ' ಎಂದುಬಿಡು ಎಂದು ಸಲಹೆ ಕೊಟ್ಟೆ.

'ಅದ್ರಲ್ಲೂ ನಿಂತ್ಕತದೆ ಅಣ್ಣ' ಎಂದಳು. 'ಒಂದು ಸಾಲ್ದು ಅಂತ ಇನ್ನೊಂದು ಯಾಕೆ?'

ಆಮೇಲಾಮೇಲೆ ಒಂದು ವಿಷಯ ಅರ್ಥವಾಯಿತು. ಮನೆಯಲ್ಲಿ ಅವಳ ಮಾತನ್ನು ಪ್ರೀತಿಯಿಂದಲೇ ಅಜ್ಜಿ ಮುಗಿಸಿಬಿಡುತ್ತದೆ. ಅಡುಗೆ ಮನೆಯಲ್ಲಿ ಒಲೆ ಉರಿಯುತ್ತಿರುತ್ತದೆ, ಕಾಯಲು ಪುರುಸೊತ್ತಿಲ್ಲ. ಶಾಲೆಯಲ್ಲಿ ಗಂಟೆ ಬಾರಿಸುವುದರೊಳಗೆ ಪಾಠ ಮುಗಿಯಬೇಕು, ಮೇಷ್ಟ್ರುಗಳದೂ ತಪ್ಪಲ್ಲ. ನಮ್ಮ ಜಗಲಿಯಲ್ಲಿ ನಾವು ಪಾಸು ಮಾಡುವವರೂ ಅಲ್ಲ, ಫೇಲು ಮಾಡುವವರೂ ಅಲ್ಲ. ಒಬ್ಬ ಮುಚ್ಚಳ ನೋಡುವವನು, ಒಬ್ಬರು ಪಿಂಚಣಿಯವರು. ನಮ್ಮಲ್ಲಿ ಇದ್ದದ್ದು ಬಿಡುವು. ಅದನ್ನು ತೆಗೆದು ಅವಳ ಮುಂದೆ ಇಡುವುದಕ್ಕೇ ಇಷ್ಟು ದಿನ ಬೇಕಾಯಿತು.

ಮೇ ಕೊನೆಗೆ ಅವಳೇ ಬಂದು ಹೇಳಿದಳು: 'ಸೇರ್ತೀನಿ. ಆದ್ರೆ ನೀನು ಕಂಡಕ್ಟರ್‌ಗೆ ಮೊದ್ಲೇ ಓಗಿ ಯೋಳ್ಬಾರ್ದು. ಯೋಳಿದ್ರೆ ಗೊತ್ತಾಯ್ತದೆ ನಂಗೆ.'

'ಬಸ್ಸಲ್ಲಿ ನಾನು ಬರಬಹುದಾ?'

ಯೋಚಿಸಿದಳು. 'ಇಂದೆ ಕೂತ್ಕಂಡು ಕಿಟಕಿ ನೋಡ್ಬೇಕು. ಬಾಯಿ ಬುಡಂಗಿಲ್ಲ.'

ಜೂನಿನಲ್ಲಿ ಹೈಸ್ಕೂಲು ಶುರುವಾದ ವಾರ ನನಗೆ ಎರಡನೇ ಶಿಫ್ಟು, ಬೆಳಿಗ್ಗೆ ಬಿಡುವಿತ್ತು. ಹೊಸ ಯೂನಿಫಾರಮ್ಮು, ಎಣ್ಣೆ ಹಚ್ಚಿ ಬಿಗಿದ ಜಡೆ. ಅವಳು ಮುಂಬಾಗಿಲಿನಿಂದ ಹತ್ತಿ ಹೆಂಗಸರ ಸೀಟಿನಲ್ಲಿ ಕೂತಳು, ನಾನು ಹಿಂಬಾಗಿಲಿನಿಂದ ಹತ್ತಿ ಕಿಟಕಿ ಪಕ್ಕ ಕೂತೆ. ಮುಂದಿನ ಸ್ಟಾಪಿನಲ್ಲಿ ಬಸ್ಸು ತುಂಬಿತು. 'ಆಧಾರ್ ತಗೀರಿ, ಆಧಾರ್ ತಗೀರೀ' ಎನ್ನುತ್ತ ಕಂಡಕ್ಟರು ಬಂದರು. ಅವಳನ್ನು ಕಂಡು ನಿಂತರು. ತಕ್ಷಣ ಹಿಂದಕ್ಕೆ ತಿರುಗಿ ನನ್ನನ್ನು ಹುಡುಕಿ ಹಿಡಿದರು. ನಾನು ಕಬ್ಬಿನ ಗದ್ದೆಯನ್ನು ಅದು ನನ್ನದೇ ಎಂಬಂತೆ ನೋಡತೊಡಗಿದೆ. ಆದರೆ ಕಿಟಕಿಯ ಗಾಜಿನಲ್ಲಿ ಎಲ್ಲವೂ ಕಾಣುತ್ತಿತ್ತು.

'ಎಲ್ಲಿಗವ್ವಾ?' ದನಿ ಅನುಮಾನದ್ದಾಗಿತ್ತು.

ಅವಳು ಕಣ್ಣು ಮುಚ್ಚಿದಳು. 'ನ್...'

ಕಬ್ಬಿನ ಗದ್ದೆ ಮುಗಿಯಿತು. ಬಾಳೆತೋಟ ಶುರುವಾಯಿತು. ಕಂಡಕ್ಟರ ಮುಖದಲ್ಲಿ ಮೊದಲು ಸಿಟ್ಟು ಬರಲು ಹೊರಟಿತು, ಅರ್ಧ ದಾರಿಯಲ್ಲಿ ನಿಂತಿತು. ಅಂದು ಆದದ್ದು ಏನೆಂದು ಅವರಿಗೆ ಆ ಗಳಿಗೆಯಲ್ಲಿ ತಿಳಿಯಿತೆಂದು ತೋರುತ್ತದೆ. ಟಿಕೆಟ್ ಮಿಷನ್ನಿನ ಮೇಲಿಟ್ಟ ಹೆಬ್ಬೆರಳನ್ನು ಮೆಲ್ಲಗೆ ತೆಗೆದರು.

ಪಕ್ಕದ ಸೀಟಿನ ಹೆಂಗಸು ತಡೆಯಲಾರದೆ, 'ಪಾಪ, ನರ್ಸೀಪುರಕ್ಕಿರ್ಬೇಕು, ಕೊಡಪ್ಪ' ಎಂದಿತು.

'ಇರವ್ವೋ, ಅವ್ಳೇ ಯೋಳ್ಲಿ. ನರ್ಸೀಪುರ ಇನ್ನೂ ದೂರ ಅದೆ' ಎಂದರು ಕಂಡಕ್ಟರು. ಎಂದ ಮೇಲೆ ತಾನೂ ಅದನ್ನೇ ಹೇಳಿಬಿಟ್ಟೆನಲ್ಲ ಎಂದು ನಾಲಗೆ ಕಚ್ಚಿಕೊಂಡರು.

ಎರಡು ಸಲ ಬೇರೆಯವರ ಬಾಯಲ್ಲಿ ಬಂದುಹೋದ ಊರು. ಅವಳು ಹೂಂ ಎಂದು ತಲೆಯಾಡಿಸಿದ್ದರೆ ಸಾಕಿತ್ತು, ಟಿಕೆಟ್ಟು ಕೈಗೆ ಬರುತ್ತಿತ್ತು. ನಾನಾಗಿದ್ದರೆ ಆಡಿಸುತ್ತಿದ್ದೆ. ಅವಳು ಆಡಿಸಲಿಲ್ಲ. ಕಣ್ಣು ತೆರೆದು ಆ ಹೆಂಗಸನ್ನೊಮ್ಮೆ ನೋಡಿ, ಮತ್ತೆ ಮುಚ್ಚಿ, ಮೊದಲಿನಿಂದ ಶುರು ಮಾಡಿದಳು. ನನ್ನ ಗಂಟಲಿನ ತುಂಬ ನರಸೀಪುರಗಳು ನೂಕುನುಗ್ಗಲು ಮಾಡುತ್ತಿದ್ದವು. ಹಲ್ಲು ಕಚ್ಚಿ ಎಲ್ಲವನ್ನೂ ಒಳಗೇ ಕೂಡಿಸಿದೆ.

'ನ್... ನರಸೀಪುರ. ಐಸ್ಕೂಲ್ ಸ್ಟಾಪು.'

ಅವಳದೇ ದನಿ. ಸ್ವಲ್ಪ ಒರಟು, ಕೊನೆಗೆ ಸ್ವಲ್ಪ ಜೋರು. ಮಿಷನ್ನು ಕಿರ್ರೆಂದಿತು. ಟಿಕೆಟ್ಟು ಹರಿದು ಕೊಟ್ಟು ಕಂಡಕ್ಟರು ಮುಂದೆ ಹೆಜ್ಜೆ ಇಡುವಷ್ಟರಲ್ಲಿ ಅವಳು ಮತ್ತೆ ಬಾಯಿ ತೆರೆದಳು. 

'ಸಾ, ವ್...' ಎಂದು ನಿಂತಳು. ಅವರೂ ನಿಂತರು. ಅವರ ಹಿಂದೆ ಟಿಕೆಟ್ಟಿಗೆ ಕೈ ಚಾಚಿದ್ದವರೆಲ್ಲ ಕೈ ಚಾಚಿಕೊಂಡೇ ನಿಂತರು. '...ವಾಪಸ್ ಬರಕ್ಕೆ ಸಾಯಂಕಾಲ ಯಾವ್ ಬಸ್ಸದೆ?'

ಆ ಬಸ್ಸಿನ ಹೊತ್ತು ಅವಳಿಗೆ ಬಾಯಿಪಾಠ. ಅವಳಜ್ಜಿ ಹಸುವಿಗೆ ಹುಲ್ಲು ಹಾಕುವುದೇ ಅದರ ಹಾರನ್ನು ಕೇಳಿ. ಆದರೂ ಕೇಳಿದಳು. 

ಕಂಡಕ್ಟರು ಅವಳ ಸೀಟಿನ ಕಂಬಕ್ಕೆ ಒರಗಿ, ಬಿಡುವಾಗಿ, ಯಾವುದು ಬೇಗ ಬಿಡುತ್ತದೆ, ಯಾವುದು ಸಂತೆಯ ದಿನ ತುಂಬಿರುತ್ತದೆ, ಯಾವುದನ್ನು ನಂಬಬಾರದು, ಎಲ್ಲಿ ನಿಂತರೆ ಡ್ರೈವರಿಗೆ ಕಾಣುತ್ತದೆ ಎಂದು ಮೂಗಿನಿಂದ ರಾಗವಾಗಿ ಹೇಳತೊಡಗಿದರು. ಮುಂದಿನ ಸೀಟಿನಿಂದ ಯಾರೋ, 'ಅಯ್ಯಾ, ನಮ್ಗೂ ಒಂದು ಟಿಕೆಟ್ ಕೊಡಯ್ಯಾ, ನಮ್ಮೂರು ಬಂತು' ಎಂದು ಕೂಗುವವರೆಗೂ ಹೇಳುತ್ತಲೇ ಇದ್ದರು.